ಕಂಪ್ಯೂಟರ್ ಎಂಬ ನೌಕರಿ

ನಾನು ಕಂಪ್ಯೂಟರ್ ಆಗಿದ್ದೆ. ತಮಾಷೆಗೆ ಹೇಳುತ್ತಿಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಅಂಕಿಅಂಶ ಕಚೇರಿಗೆ ಸೇರಿದಾಗ ನನ್ನ ನೇಮಕಾತಿ ಆದೇಶದಲ್ಲಿ ಹುದ್ದೆಯ ಹೆಸರು ಹಾಗೇ ಇತ್ತು. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ‘ಇ-ಆರ್’ ಬದಲು ‘ಓ-ಆರ್’ ಹಾಕುತ್ತಿದ್ದರು. ಈ ದೇಶದ ಸರ್ಕಾರಿ ಕಾಗದಗಳಲ್ಲಿ ಆ ಕಾಗುಣಿತ ಬಹಳ ಕಾಲ ಉಳಿದುಕೊಂಡಿತ್ತು. ಹಾಸನದ ಕಡೆಯ ನಮ್ಮ ಊರಿಗೆ ರಜೆಗೆ ಹೋದರೆ ಅಜ್ಜಿ, “ಅಲ್ಲಿ ಏನು ಮಾಡ್ತೀಯೇ ದಿನವೆಲ್ಲ?” ಎಂದು ಕೇಳುತ್ತಿದ್ದರು. “ಲೆಕ್ಕ ಹಾಕೋದು ಅಜ್ಜಿ” ಎಂದರೆ, “ಹಂಗಾದ್ರೆ ಶಾನುಭೋಗಿಕೆ ಅನ್ನು” ಎಂದು ಅಲ್ಲಿಗೆ ಮಾತು ಮುಗಿಸುತ್ತಿದ್ದರು. ಅವರ ಮಾವನವರ ಕಾಲಕ್ಕೆ ಮನೆಯಲ್ಲಿ ಶಾನುಭೋಗಿಕೆ ಇತ್ತು. ಹುಣಸೆ ಬೀಜದ ಅಂಟು, ಇದ್ದಿಲು ಹಚ್ಚಿ ಕಪ್ಪು ಮಾಡಿದ ಬಟ್ಟೆಯ ಕಡತಗಳು ಅಟ್ಟದ ಮೇಲೆ ಬಿದ್ದಿರುತ್ತಿದ್ದವು. ಬಳಪದಲ್ಲಿ ಬರೆದ ಕಂದಾಯದ ಲೆಕ್ಕ, ಹಾಗ, ವೀಸ, ಎಲ್ಲ ಅದರಲ್ಲಿದ್ದವು. ಅಜ್ಜಿಯ ತಿಳಿವಳಿಕೆಯಲ್ಲಿ ತಪ್ಪೇನೂ ಇರಲಿಲ್ಲ ಎಂದು ಈ ಪದದ ಬೆನ್ನು ಹತ್ತಿ ಓದಿದ ಮೇಲೆ ನನಗೆ ಮನದಟ್ಟಾಗಿದೆ.

ಕಂಪ್ಯೂಟರ್ ಎಂಬ ಮಾತು ಇಂಗ್ಲಿಷ್ ಅಚ್ಚಿನಲ್ಲಿ ಮೊದಲು ಸಿಗುವುದು 1613ರಲ್ಲಿ, ರಿಚರ್ಡ್ ಬ್ರಾಥ್‌ವೇಟ್ ಎಂಬಾತ ಬರೆದ ‘ದಿ ಯಂಗ್ ಮ್ಯಾನ್ಸ್ ಗ್ಲೀನಿಂಗ್ಸ್’ ಪುಸ್ತಕದಲ್ಲಿ. ಅಲ್ಲಿ ಅದಕ್ಕೆ ಕಾಲವನ್ನು ಲೆಕ್ಕ ಹಾಕುವವನು ಎಂದು ಅರ್ಥ. ಅಲ್ಲಿಂದ ಮುಂದೆ ಮುನ್ನೂರು ವರ್ಷಕ್ಕೂ ಮಿಕ್ಕಿ ಅದು ಮನುಷ್ಯರ ಹೆಸರಾಗಿಯೇ ಇತ್ತು. ಬೇರು ಲ್ಯಾಟಿನ್ನಿನ ‘ಕಂಪ್ಯುತಾರೆ’: ‘ಕಂ’ ಎಂದರೆ ಒಟ್ಟಿಗೆ, ‘ಪುತಾರೆ’ ಎಂದರೆ ಎಣಿಸು, ಅಂದಾಜು ಮಾಡು. ‘ಪುತಾರೆ’ಗೆ ಅದಕ್ಕೂ ಹಳೆಯ ಇನ್ನೊಂದು ಅರ್ಥವಿದೆ: ಗಿಡದ ರೆಂಬೆ ಸವರು, ಬೇಡದ್ದನ್ನು ಕತ್ತರಿಸಿ ಚೊಕ್ಕ ಮಾಡು. ಕೈಕಾಲು ಕತ್ತರಿಸುವ ‘ಆಂಪ್ಯುಟೇಶನ್’ ಅದೇ ಬೇರಿನದು. ‘ರೆಪ್ಯುಟೇಶನ್’, ‘ಡಿಸ್‌ಪ್ಯೂಟ್’, ಕೊನೆಗೆ ನಮ್ಮ ಜಿಲ್ಲೆಗಳನ್ನು ಆಳುವ ‘ಡೆಪ್ಯುಟಿ’ ಕಮಿಷನರು ಕೂಡ ಅದೇ ವಂಶದವರು. ಇದೇ ಲ್ಯಾಟಿನ್ ಪದ ಫ್ರೆಂಚರ ಬಾಯಲ್ಲಿ ಸವೆದು ಸಣ್ಣದಾಗಿ ಇಂಗ್ಲಿಷಿಗೆ ಬಂದಾಗ ‘ಕೌಂಟ್’ ಆಯಿತು, ‘ಅಕೌಂಟ್’ ಆಯಿತು. ಹಾಗಾಗಿ ಕಂಪ್ಯೂಟರೂ ಅಕೌಂಟೆಂಟೂ ದಾಯಾದಿಗಳು. ನಮ್ಮ ಕಚೇರಿಯಲ್ಲಿ ಅಕೌಂಟ್ಸ್ ಸೆಕ್ಷನ್ನಿನವರಿಗೂ ನಮಗೂ ಇದ್ದ ಸಂಬಂಧವೂ ಸರಿಸುಮಾರು ಅದೇ ಬಗೆಯದು.

ಯಂತ್ರಕ್ಕೆ ಮೊದಲು ಮನುಷ್ಯರು ಏನು ಲೆಕ್ಕ ಹಾಕುತ್ತಿದ್ದರು? ಮೊದಲು ಹಬ್ಬ. ಈಸ್ಟರ್ ಯಾವ ಭಾನುವಾರ ಬರುತ್ತದೆ ಎನ್ನುವುದಕ್ಕೆ ವಸಂತ ವಿಷುವ, ಹುಣ್ಣಿಮೆ, ವಾರ ಮೂರನ್ನೂ ತಾಳೆ ಹಾಕಬೇಕು. ಆ ಲೆಕ್ಕದ ಹೆಸರೇ ‘ಕಂಪ್ಯುಟಸ್’. ಇಂಗ್ಲೆಂಡಿನ ಜಾರೋ ಮಠದ ಬೀಡ್ ಎಂಬ ಸನ್ಯಾಸಿ 725ರಲ್ಲಿ ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಬೆರಳಿನಲ್ಲಿ ಎಣಿಸುವ ಬಗೆಯನ್ನೂ ಅದರಲ್ಲಿ ವಿವರಿಸಿದ. ಏಕಾದಶಿ ಇವತ್ತೋ ನಾಳೆಯೋ ಎಂದು ಎರಡು ಪಂಚಾಂಗಗಳನ್ನು ಎದುರಿಗಿಟ್ಟುಕೊಂಡು ಜಗಳವಾಡಿದ ಮನೆಯಲ್ಲಿ ಬೆಳೆದ ನನಗೆ ಇದು ಪರಕೀಯ ಅನಿಸಲಿಲ್ಲ.

ಹಬ್ಬದ ನಂತರ ಬಂದದ್ದು ಧೂಮಕೇತು. 1682ರಲ್ಲಿ ಕಂಡ ಧೂಮಕೇತು 1758ರ ಸುಮಾರಿಗೆ ಮತ್ತೆ ಬರುತ್ತದೆ ಎಂದು ಎಡ್ಮಂಡ್ ಹ್ಯಾಲಿ ಹೇಳಿ ತೀರಿಹೋಗಿದ್ದ. ಯಾವ ತಿಂಗಳು? ಅದು ಹೇಳುವುದು ಕಷ್ಟ, ಏಕೆಂದರೆ ದಾರಿಯಲ್ಲಿ ಗುರು ಶನಿಗಳು ಅದನ್ನು ಎಳೆದಾಡುತ್ತವೆ. ಪ್ಯಾರಿಸಿನಲ್ಲಿ ಅಲೆಕ್ಸಿ ಕ್ಲೇರೋ ಎಂಬ ಗಣಿತಜ್ಞ ಸೂತ್ರ ಕಟ್ಟಿಕೊಟ್ಟ. ಆ ಸೂತ್ರಕ್ಕೆ ಅಂಕಿ ತುಂಬಿ ಹೆಜ್ಜೆಹೆಜ್ಜೆಯಾಗಿ ಕೂಡಿ ಗುಣಿಸಲು ಕೂತವರು ಜೆರೋಮ್ ಲಲಾಂದ್ ಮತ್ತು ನಿಕೋಲ್-ರೆನ್ ಲೆಪೋತ್. ಈಕೆ ರಾಜಮನೆತನದ ಗಡಿಯಾರಗಾರನ ಹೆಂಡತಿ. 1757ರ ಬೇಸಿಗೆಯಲ್ಲಿ ಶುರು ಮಾಡಿದರು. ತಿಂಗಳುಗಟ್ಟಲೆ ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಮೇಜಿನಲ್ಲೂ ಲೆಕ್ಕ ನಡೆಯುತ್ತಿತ್ತು ಎಂದು ಲಲಾಂದ್ ಆಮೇಲೆ ಬರೆದುಕೊಂಡ. ಆ ದುಡಿತದಿಂದ ಬಂದ ಕಾಯಿಲೆ ತನ್ನ ಸ್ವಭಾವವನ್ನೇ ಬದಲಿಸಿತು ಎಂದೂ ಹೇಳಿಕೊಂಡ. ಮೂವರೂ ಒಟ್ಟಿಗೆ ದುಡಿದರು. ಗುರುವಿನಿಂದ 518 ದಿನ ತಡ, ಶನಿಯಿಂದ 100 ದಿನ ತಡ ಎಂದು ಲೆಕ್ಕ ಬಂತು. 1758ರ ನವೆಂಬರಿನಲ್ಲಿ ಕ್ಲೇರೋ ಅಕಾಡೆಮಿಯ ಮುಂದೆ ನಿಂತು, ಏಪ್ರಿಲ್ ಮಧ್ಯದಲ್ಲಿ ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ, ಒಂದು ತಿಂಗಳು ಆಚೀಚೆ ಆದೀತು ಎಂದು ಸಾರಿದ. ಅದು ಬಂದದ್ದು 1759ರ ಮಾರ್ಚ್ 13ಕ್ಕೆ. ಹೇಳಿದ ಅಂಚಿನ ತುದಿಯಲ್ಲಿ. ಲಲಾಂದ್ ಆಕೆ ಇಲ್ಲದಿದ್ದರೆ ಕೆಲಸ ಆಗುತ್ತಿರಲಿಲ್ಲ ಎಂದು ಮುಕ್ತವಾಗಿ ಒಪ್ಪಿಕೊಂಡ. ಕ್ಲೇರೋ ಮಾತ್ರ 1760ರಲ್ಲಿ ಪುಸ್ತಕ ಮಾಡುವಾಗ ಲೆಪೋತ್ ಹೆಸರು ಬಿಟ್ಟ. ಈ ವೃತ್ತಿಯ ಚರಿತ್ರೆ ಓದುತ್ತ ಹೋದರೆ ಹೀಗೆ ಬಿಟ್ಟುಹೋದ ಹೆಸರು ಇದೊಂದೇ ಅಲ್ಲ.

ಗ್ರೀನಿಚ್ಚಿನ ನೆವಿಲ್ ಮಾಸ್ಕಲಿನ್ ಇದನ್ನು ಖಾಯಂ ನೌಕರಿ ಮಾಡಿದ. ನಡುಗಡಲಿನಲ್ಲಿ ಹಡಗು ಎಲ್ಲಿದೆ ಎಂದು ತಿಳಿಯಲು ಚಂದ್ರನಿಗೂ ನಕ್ಷತ್ರಗಳಿಗೂ ಇರುವ ಅಂತರದ ಕೋಷ್ಟಕ ಬೇಕು, ಪ್ರತಿ ಮೂರು ಗಂಟೆಗೊಂದರಂತೆ, ಇಡೀ ವರ್ಷಕ್ಕೆ. 1767ನೇ ವರ್ಷಕ್ಕಾಗಿ ಮೊದಲ ‘ನಾಟಿಕಲ್ ಆಲ್ಮನಾಕ್’ ಬಂತು. ಅದನ್ನು ಮಾಡಿದ ಕಂಪ್ಯೂಟರುಗಳು ಗ್ರೀನಿಚ್ಚಿನಲ್ಲಿ ಕೂತವರಲ್ಲ. ಶಾಲಾ ಮೇಷ್ಟ್ರುಗಳು, ಪಾದ್ರಿಗಳು, ಹಳ್ಳಿಯ ಅಳತೆಗಾರರು ತಮ್ಮತಮ್ಮ ಮನೆಯಲ್ಲೇ ಲೆಕ್ಕ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಒಂದೇ ತಿಂಗಳ ಲೆಕ್ಕವನ್ನು ಇಬ್ಬರಿಗೆ ಬೇರೆಬೇರೆಯಾಗಿ ಕೊಟ್ಟು, ಮೂರನೆಯವನ ಹತ್ತಿರ ತಾಳೆ ನೋಡಿಸುವ ಪದ್ಧತಿ ಮಾಸ್ಕಲಿನ್ ತಂದದ್ದು. ಒಮ್ಮೆ ಇಬ್ಬರು ಒಳಗೊಳಗೇ ಸೇರಿ ಒಬ್ಬರದನ್ನೊಬ್ಬರು ನಕಲು ಮಾಡಿದ್ದು ತಾಳೆ ನೋಡುವವನ ಕಣ್ಣಿಗೆ ಬಿತ್ತು. ಇಬ್ಬರ ತಪ್ಪೂ ಒಂದೇ ಜಾಗದಲ್ಲಿ ಬಂದರೆ ಯಾರಿಗೆ ಅನುಮಾನ ಬರುವುದಿಲ್ಲ? ಇಬ್ಬರೂ ಕೆಲಸ ಕಳೆದುಕೊಂಡರು.

ಲಡ್ಲೋ ಊರಿನ ಪಾದ್ರಿ ಜಾನ್ ಎಡ್ವರ್ಡ್ಸ್ ಹೆಸರಿಗೂ ಈ ಕೆಲಸ ಹೋಗುತ್ತಿತ್ತು. 1784ರಲ್ಲಿ ಆತ ತೀರಿಕೊಂಡಾಗ ಅವನ ಹೆಂಡತಿ ಮೇರಿ, ಈ ಲೆಕ್ಕವನ್ನು ಬಹುಪಾಲು ಮಾಡುತ್ತಿದ್ದವಳು ನಾನೇ, ಮುಂದುವರಿಸಲು ಅವಕಾಶ ಕೊಡಿ ಎಂದು ಕೇಳಿದಳು. ಮಾಸ್ಕಲಿನ್ ಕೊಟ್ಟ. ಮಾಸ್ಕಲಿನ್ ಬಗ್ಗೆ ನನಗೆ ಗೌರವ ಇರುವುದು ನಕ್ಷತ್ರಗಳಿಗಿಂತ ಹೆಚ್ಚಾಗಿ ಈ ಒಂದು ಮಂಜೂರಾತಿಗೆ. ಮೇರಿಯ ನಂತರ ಮಗಳು ಎಲೈಜಾ ಅದೇ ಕೆಲಸ ಮಾಡಿದಳು. 1832ರಲ್ಲಿ ಲಂಡನ್ನಿನಲ್ಲಿ ಒಂದು ಕಚೇರಿ ತೆರೆದು ಕೆಲಸವನ್ನೆಲ್ಲ ಅಲ್ಲಿಗೆ ಎಳೆದುಕೊಂಡರು. ಸರ್ಕಾರಿ ಕಚೇರಿಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಅಲ್ಲಿಗೆ ತಾಯಿಮಗಳ ಲೆಕ್ಕ ಮುಗಿಯಿತು.

ಇಲ್ಲಿಯವರೆಗೆ ಕಂಪ್ಯೂಟರ್ ಅಂದರೆ ಗಣಿತ ಬಲ್ಲವರು. ಅದನ್ನು ಬದಲಿಸಿದ್ದು, ಕಾಲದಲ್ಲಿ ಸ್ವಲ್ಪ ಹಿಂದಕ್ಕೆ ಹೋದರೆ, ಫ್ರೆಂಚ್ ಕ್ರಾಂತಿ. ಹೊಸ ಸರ್ಕಾರ ಎಲ್ಲವನ್ನೂ ಹತ್ತರ ಲೆಕ್ಕಕ್ಕೆ ತರಲು ಹೊರಟು, ಲಂಬಕೋನವನ್ನು 90ರ ಬದಲು 100 ಭಾಗ ಮಾಡಿತು. ಹಳೆಯ ಕೋಷ್ಟಕಗಳೆಲ್ಲ ಒಂದೇ ಏಟಿಗೆ ರದ್ದಿಯಾದವು. ಹೊಸದಾಗಿ ಮಾಡುವ ಹೊಣೆ ಬಿದ್ದದ್ದು ಎಂಜಿನಿಯರ್ ಗಾಸ್ಪಾರ್ ದ ಪ್ರೋನಿಯ ಮೇಲೆ. ಒಂದರಿಂದ ಎರಡು ಲಕ್ಷದವರೆಗಿನ ಸಂಖ್ಯೆಗಳ ಲಾಗರಿದಮ್ಮುಗಳೂ ಅದರಲ್ಲಿ ಸೇರಿದ್ದವು. ಒಬ್ಬಿಬ್ಬರ ಆಯುಷ್ಯದಲ್ಲಿ ಆಗುವ ಕೆಲಸವಲ್ಲ. ಆತ ಆಡಂ ಸ್ಮಿತ್ 1776ರಲ್ಲಿ ಬರೆದ ಪುಸ್ತಕ ತೆರೆದಾಗ ಗುಂಡುಸೂಜಿ ಕಾರ್ಖಾನೆಯ ವಿವರ ಕಣ್ಣಿಗೆ ಬಿತ್ತಂತೆ: ಒಬ್ಬ ತಂತಿ ಎಳೆಯುತ್ತಾನೆ, ಒಬ್ಬ ಕತ್ತರಿಸುತ್ತಾನೆ, ಒಬ್ಬ ಮೊನೆ ಮಾಡುತ್ತಾನೆ. ಗುಂಡುಸೂಜಿ ಮಾಡಿದ ಹಾಗೆ ಲಾಗರಿದಮ್ ಮಾಡಿದರೆ?

ಮಾಡಿದ. ಮೇಲಿನ ಅಂತಸ್ತಿನಲ್ಲಿ ಬೆರಳೆಣಿಕೆಯ ದೊಡ್ಡ ಗಣಿತಜ್ಞರು, ಅವರದು ಸೂತ್ರ ಆರಿಸುವ ಕೆಲಸ. ನಡುವೆ ಏಳೆಂಟು ಮಂದಿ, ಸೂತ್ರವನ್ನು ಅಂಕಿಗಿಳಿಸಿ ಖಾಲಿ ಫಾರಂ ಗೆರೆ ಹಾಕಿ ಕೊಡುವವರು. ಕೆಳಗೆ ಅರವತ್ತರಿಂದ ಎಂಬತ್ತು ಜನ, ಕೂಡುವುದು ಕಳೆಯುವುದು ಬಿಟ್ಟರೆ ಬೇರೇನೂ ಮಾಡಬೇಕಿಲ್ಲದವರು. ಈ ಕೆಳಗಿನವರಲ್ಲಿ ಹಲವರು ಕೇಶಾಲಂಕಾರದವರು. ಶ್ರೀಮಂತರ ತಲೆಯ ಮೇಲಿನ ಗೋಪುರದಂಥ ಕೂದಲು ಕಟ್ಟುತ್ತಿದ್ದವರು, ತಲೆಗಳೇ ಉರುಳಿದ ಮೇಲೆ ಕಸುಬು ಕಳೆದುಕೊಂಡು ಇಲ್ಲಿಗೆ ಬಂದವರು. ಕೂದಲಿನಿಂದ ಕೂಡುವ ಲೆಕ್ಕಕ್ಕೆ. ಪ್ರತಿ ಕೋಷ್ಟಕವನ್ನೂ ಎರಡು ಸಲ ಬೇರೆಬೇರೆಯಾಗಿ ಮಾಡಿಸಿದರು. ಹದಿನೇಳು ದಪ್ಪ ಸಂಪುಟಗಳಾದವು. ಪೂರ್ತಿಯಾಗಿ ಅಚ್ಚಾಗಲೇ ಇಲ್ಲ. ಆದರೆ ಪ್ರೋನಿಗೆ ಒಂದು ಸಂಗತಿ ಗೊತ್ತಾಯಿತು: ಕೂಡು ಕಳೆ ಮಾತ್ರ ಬಲ್ಲವರೇ ಎಲ್ಲರಿಗಿಂತ ಕಡಿಮೆ ತಪ್ಪು ಮಾಡುತ್ತಿದ್ದರು. ಲಂಡನ್ನಿನ ಚಾರ್ಲ್ಸ್ ಬ್ಯಾಬೇಜ್ ಈ ಮಾತನ್ನು ತನ್ನ ಪುಸ್ತಕದಲ್ಲಿ ಎತ್ತಿ ಹೇಳಿದ. 1821ರಲ್ಲಿ ಗೆಳೆಯ ಹರ್ಷೆಲ್ ಜೊತೆ ಕೂತು ಖಗೋಳದ ಕೋಷ್ಟಕಗಳ ತಾಳೆ ನೋಡುತ್ತಿದ್ದಾಗ ಸಾಲುಸಾಲಾಗಿ ತಪ್ಪು ಸಿಕ್ಕಿ, ಇದನ್ನು ಉಗಿಯಂತ್ರವೇ ಮಾಡಬಾರದಿತ್ತೇ ಎಂದು ಬೇಸತ್ತು ನುಡಿದವನು ಈತ. ಆಮೇಲೆ ಅವನು ಕಟ್ಟಲು ಹೊರಟ ‘ಡಿಫರೆನ್ಸ್ ಎಂಜಿನ್’ ಮಾಡಬೇಕಿದ್ದ ಕೆಲಸ ಪ್ರೋನಿಯ ಕೇಶಾಲಂಕಾರದವರು ಮಾಡಿದ್ದೇ: ವ್ಯತ್ಯಾಸಗಳನ್ನು ಕೂಡುತ್ತ ಹೋಗುವುದು.

ನನಗೆ ಈ ಪ್ರಸಂಗ ಮುಖ್ಯವಾಗಿ ಕಾಣುವುದು ಇದಕ್ಕೇ. ಯಂತ್ರ ಬಂದು ಮನುಷ್ಯನ ಬುದ್ಧಿಯನ್ನು ನಕಲು ಮಾಡಿತು ಎಂದು ಎಲ್ಲರೂ ಬರೆಯುತ್ತಾರೆ. ನಡೆದದ್ದು ಬೇರೆ. ಮೊದಲು ಫಾರಂ ಬಂತು. ಬುದ್ಧಿ ಬೇಡದ ಹಾಗೆ ಕೆಲಸವನ್ನು ಕಾಲಂಗಳಾಗಿ ಕತ್ತರಿಸಿದರು. ಮನುಷ್ಯರನ್ನು ಕಾಲಂಗಳ ಮುಂದೆ ಕೂರಿಸಿದರು. ಆ ಜಾಗ ಸಿದ್ಧವಾದ ಮೇಲೆ ಯಂತ್ರಕ್ಕೆ ಬಂದು ಕೂರುವುದಷ್ಟೇ ಉಳಿದಿತ್ತು, ಅದಕ್ಕೂ ನೂರೈವತ್ತು ವರ್ಷ ಹಿಡಿಯಿತು.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನೆಯ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯನ್ನು ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯೊಂದನ್ನು ಸರಪಳಿ ಹಾಕಿ ಅಳೆದ. 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆ ಶುರುವಾಯಿತು. ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಪಶ್ಚಿಮಕ್ಕೆ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆ ಅಳೆದು ನೋಡಿದಾಗ, ಮದರಾಸಿನಿಂದ ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ನಾಲ್ಕಂಗುಲದಷ್ಟೂ ವ್ಯತ್ಯಾಸವಿರಲಿಲ್ಲ. ಅದೇ ತ್ರಿಕೋನಗಳು ಮಂಗಳೂರಿನ ಕಡಲನ್ನು ಮುಟ್ಟಿದಾಗ, 400 ಮೈಲಿ ಅಗಲ ಎಂದು ನಕ್ಷೆಗಳು ಹೇಳುತ್ತಿದ್ದ ಪರ್ಯಾಯದ್ವೀಪ 360 ಮೈಲಿಗೆ ಇಳಿಯಿತು. ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾಯ. ಆ ನಲವತ್ತು ಮೈಲಿಯ ಕಂದಾಯ ಯಾವ ಕಾಲಂನಲ್ಲಿ ತೋರಿಸಬೇಕಿತ್ತೋ ಎಂದು ನಮ್ಮ ಸೂಪರಿಂಟೆಂಡೆಂಟರು ಕೇಳುತ್ತಿದ್ದರೇನೋ.

ಗುಡ್ಡದ ಮೇಲೆ ಥಿಯೋಡೊಲೈಟ್ ಇಟ್ಟು ಕೋನ ನೋಡುವುದು ಸರ್ವೆಯ ಅರ್ಧ ಕೆಲಸ. ಉಳಿದರ್ಧ ಕಾಗದದ ಮೇಲೆ. ಭೂಮಿ ಗುಂಡಗಿರುವುದಕ್ಕೆ ಒಂದು ತಿದ್ದುಪಡಿ, ಗಾಳಿ ಬೆಳಕನ್ನು ಬಗ್ಗಿಸುವುದಕ್ಕೆ ಒಂದು, ಬಿಸಿಲಿಗೆ ಸರಪಳಿ ಹಿಗ್ಗುವುದಕ್ಕೆ ಒಂದು. ಇದಕ್ಕೆಂದೇ ಸರ್ವೆ ಇಲಾಖೆಯಲ್ಲಿ ಕಂಪ್ಯೂಟರುಗಳಿದ್ದರು. 1831ರ ಡಿಸೆಂಬರಿನಲ್ಲಿ, ಲಡ್ಲೋದ ಎಲೈಜಾ ಕೆಲಸ ಕಳೆದುಕೊಳ್ಳುವ ಸ್ವಲ್ಪ ಮುಂಚೆ, ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದಿದ ಹದಿನೆಂಟರ ಹುಡುಗ ರಾಧಾನಾಥ ಸಿಕ್ದಾರ್ ಈ ಹುದ್ದೆಗೆ ಬಂದ. ನ್ಯೂಟನ್ನನ್ನು ಓದಿಕೊಂಡಿದ್ದ ಹುಡುಗ. ಬೇರೆ ಇಲಾಖೆಗೆ ಹೋಗಬೇಕೆಂದಾಗ ಸರ್ವೆಯ ಮುಖ್ಯಸ್ಥ ಜಾರ್ಜ್ ಎವರೆಸ್ಟ್ ಬಿಡಲಿಲ್ಲ, ಸಂಬಳ ಏರಿಸಿ ಉಳಿಸಿಕೊಂಡ. ಒಳ್ಳೆ ಲೆಕ್ಕಗಾರನಿಗೆ ವರ್ಗ ಸಿಗುವುದಿಲ್ಲ ಎನ್ನುವುದು ಅಂದೂ ನಿಜ, ನಮ್ಮ ಕಾಲದಲ್ಲೂ ನಿಜ. 1843ರಲ್ಲಿ ಡೆಹ್ರಾಡೂನಿನ ಮ್ಯಾಜಿಸ್ಟ್ರೇಟ್ ವ್ಯಾನ್ಸಿಟಾರ್ಟ್ ಸರ್ವೆಯ ಕೂಲಿಗಳ ಕೈಲಿ ಬಿಟ್ಟಿ ಹೊರೆ ಹೊರಿಸಿದಾಗ ಸಿಕ್ದಾರ್ ಅಡ್ಡ ನಿಂತ. ಅದಕ್ಕೆ ಅವನಿಗೆ ಬಿದ್ದ ದಂಡ 200 ರೂಪಾಯಿ. ಎವರೆಸ್ಟ್ ಶಿಖರದ ಕತೆಗಿಂತ ನನಗೆ ಇದು ಹೆಚ್ಚು ಇಷ್ಟ.

ಶಿಖರದ ಕತೆ ಎಲ್ಲರಿಗೂ ಗೊತ್ತು. ನೂರು ಮೈಲಿಗೂ ದೂರದ ಬಯಲಿನಿಂದ ನೋಡಿ ಅಳೆದ ಹದಿನೈದನೇ ನಂಬರಿನ ಶಿಖರ ಜಗತ್ತಿನಲ್ಲೇ ಎತ್ತರ ಎಂದು ಲೆಕ್ಕದ ಕೋಣೆಯಲ್ಲಿ ಗೊತ್ತಾಯಿತು, 1856ರಲ್ಲಿ ಸರ್ವೆಯ ಆಗಿನ ಮುಖ್ಯಸ್ಥ ಆಂಡ್ರ್ಯೂ ವಾ ಅದನ್ನು 29,002 ಅಡಿ ಎಂದು ಪ್ರಕಟಿಸಿದ. ಸಿಕ್ದಾರ್ ಓಡಿಬಂದು ಸಾಹೇಬರಿಗೆ ಸುದ್ದಿ ಹೇಳಿದ ಎನ್ನುವುದು ಆಮೇಲೆ ಬೆಳೆದ ಕತೆ. ಆ ಹೊತ್ತಿಗೆ ಅವನು ಕಲ್ಕತ್ತೆಯ ಕಚೇರಿಯಲ್ಲಿದ್ದ, ಲೆಕ್ಕದ ಬಹಳಷ್ಟು ಡೆಹ್ರಾಡೂನಿನಲ್ಲಿ ನಡೆಯುತ್ತಿತ್ತು, ಅವನ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನನ್ನು ಕೇಳಿದರೆ ಆ ವಾದವೇ ಸ್ವಲ್ಪ ಅಡ್ಡದಾರಿ. ಇಂಥ ಅಂಕಿಯನ್ನು ಒಬ್ಬರು ಕಂಡುಹಿಡಿಯುವುದಿಲ್ಲ. ಆರು ಕಡೆಯಿಂದ ನೋಡಿದ್ದು, ಹಲವರು ತುಂಬಿದ ಫಾರಂ, ಹಲವರು ನೋಡಿದ ತಾಳೆ. 2020ರ ಕೊನೆಗೆ ಉಪಗ್ರಹಗಳ ನೆರವಿನಿಂದ ಅಳೆದು ಹೇಳಿದ ಎತ್ತರ 8,848.86 ಮೀಟರ್. ಹಳೆಯ 29,002 ಅಡಿಯನ್ನು ಮೀಟರಿಗೆ ಇಳಿಸಿ ಕಳೆದು ನೋಡಿದೆ, ವ್ಯತ್ಯಾಸ ಒಂಬತ್ತು ಮೀಟರ್. ಲಾಗರಿದಮ್ ಪುಸ್ತಕ, ಶಾಯಿ, ದೀಪ ಇಷ್ಟರಲ್ಲಿ ಮಾಡಿದ ಕೆಲಸ ಅದು.

ಸಿಕ್ದಾರ್ 1870ರಲ್ಲಿ ತೀರಿಕೊಂಡ. 1851ರಲ್ಲಿ ಅಚ್ಚಾದ ಸರ್ವೆ ಕೈಪಿಡಿಯ ಗಣಿತದ ಭಾಗಗಳಿಗೆ ಅವನ ನೆರವು ಪಡೆದದ್ದನ್ನು ಮುನ್ನುಡಿಯಲ್ಲಿ ನೆನೆದಿದ್ದರು. 1875ರ ಮೂರನೇ ಮುದ್ರಣದಲ್ಲಿ ಭಾಗಗಳು ಉಳಿದವು, ಹೆಸರು ಹೋಯಿತು. ಇಂಗ್ಲಿಷರದೇ ಪತ್ರಿಕೆಯೊಂದು ಇದು ಕಳ್ಳತನ ಎಂದು ಬರೆದು ಮಾನ ತೆಗೆಯಿತು. ಪ್ಯಾರಿಸಿನಲ್ಲಿ ಲೆಪೋತ್‌ಗೆ ಆದದ್ದು ಇಲ್ಲಿ ಸಿಕ್ದಾರನಿಗೂ ಆಯಿತು.

ನಮ್ಮಲ್ಲಿ ಈ ಪದಕ್ಕೆ ಸಮನಾದ ಮಾತು ಹಿಂದಿನಿಂದಲೂ ಇತ್ತು: ಗಣಕ. ಲೆಕ್ಕ ಹಾಕುವವನು, ಜೋಯಿಸ, ಎರಡೂ ಅರ್ಥ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಹೆಸರೇ ಹೇಳುವ ಹಾಗೆ ಅದು ಸಂತೆ, ಬಡ್ಡಿ, ಹೊಲಗಳ ಲೆಕ್ಕಕ್ಕೆ ಒದಗುವಂಥದ್ದು. ಇಪ್ಪತ್ತನೇ ಶತಮಾನದ ಕನ್ನಡಿಗರು ಹೊಸ ಯಂತ್ರಕ್ಕೆ ‘ಗಣಕಯಂತ್ರ’ ಎಂದು ಹೆಸರಿಟ್ಟಾಗ ಗಣಕ ಮನುಷ್ಯ, ಇದು ಅವನ ಯಂತ್ರ ಎಂಬ ಭೇದವನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ಉಳಿಸಿಕೊಂಡರು. ಈಗ ಬರೆಯುವವರು ‘ಯಂತ್ರ’ ಬಿಟ್ಟು ಬರಿಯ ‘ಗಣಕ’ ಎನ್ನುತ್ತಾರೆ. ಹೋಗಲಿ.

ನಮ್ಮ ಕೆಲಸ ಹೇಗಿತ್ತು ಎಂದು ಸ್ವಲ್ಪ ಹೇಳಬೇಕು. ತಾಲ್ಲೂಕುಗಳಿಂದ ಬೆಳೆ ಕಟಾವು ಪ್ರಯೋಗದ ಫಾರಂಗಳು ಬರುತ್ತಿದ್ದವು. ಚೀಟಿ ಎತ್ತಿದ ಹಾಗೆ ಆರಿಸಿದ ಹೊಲದಲ್ಲಿ ಗೂಟ ನೆಟ್ಟು, ಹಗ್ಗ ಹಿಡಿದು ಐದು ಮೀಟರ್‌ಗೆ ಐದು ಮೀಟರ್ ಚೌಕ ಮಾಡಿ, ಅದರೊಳಗಿನ ರಾಗಿಯನ್ನೋ ಜೋಳವನ್ನೋ ಕೊಯ್ದು ಬಡಿದು ತೂಗುತ್ತಾರೆ. ಆ ತೂಕಕ್ಕೆ 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ಹೀಗೆ ನೂರಾರು ಹೊಲ. ಸರಾಸರಿ ತೆಗೆಯಬೇಕು, ಸರಾಸರಿ ಎಷ್ಟು ನಂಬಬಹುದು ಎನ್ನುವುದಕ್ಕೆ ವರ್ಗಗಳನ್ನೂ ಕೂಡಬೇಕು. ಮೇಜಿನ ಮೇಲೆ ಸ್ವೀಡನ್ನಿನ ಫೆಸಿಟ್ ಯಂತ್ರ, ಬೂದು ಬಣ್ಣದ್ದು, ಬಲಗಡೆ ಹಿಡಿಕೆ. ಅಂಕಿ ಒತ್ತಿ ಹಿಡಿಕೆಯನ್ನು ಮುಂದಕ್ಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ. ಭಾಗಾಕಾರವೆಂದರೆ ಕಳೆಯುತ್ತಲೇ ಹೋಗುವುದು. ಮೀರಿ ಕಳೆದಾಗ ಒಳಗೆ ‘ಟಿಣ್’ ಎಂದು ಗಂಟೆ ಬಡಿಯುತ್ತದೆ. ಆಗ ಒಂದು ಸುತ್ತು ಮುಂದಕ್ಕೆ ತಿರುಗಿಸಿ ಸರಿಮಾಡಿ, ಒಂದು ಸ್ಥಾನ ಸರಿಸಿ ಮತ್ತೆ ಶುರು. ಎಂಟು ಹತ್ತು ಮಂದಿ ಒಂದೇ ಕೋಣೆಯಲ್ಲಿ ಭಾಗಿಸಲು ಕೂತರೆ ಗಂಟೆಗಳ ಸದ್ದಿನಿಂದಲೇ ಯಾರು ಚುರುಕು, ಯಾರು ನಿದ್ದೆಗಣ್ಣು ಎಂದು ಸೂಪರಿಂಟೆಂಡೆಂಟರಿಗೆ ತಿಳಿಯುತ್ತಿತ್ತು. ಇಳುವರಿಯ ಅಂಕಿಯನ್ನು ಅದರಿಂದಲೇ ಗುಣಿಸುತ್ತ, ಮೊತ್ತ ಅಳಿಸದೆ ಮುಂದುವರಿದರೆ ಒಂದು ಕಿಂಡಿಯಲ್ಲಿ ಮೊತ್ತ, ಇನ್ನೊಂದರಲ್ಲಿ ವರ್ಗಗಳ ಮೊತ್ತ ತಾನಾಗಿ ಸೇರುತ್ತ ಹೋಗುತ್ತದೆ. ಈ ಚಳಕ ಕಲಿಸಿದವರು ನನಗಿಂತ ಹಿರಿಯ ಸಹೋದ್ಯೋಗಿ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಒಂದು ಹಾಳೆ ಇಬ್ಬರ ಕೈದಾಟಿ, ತಾಳೆಯಾಗದಿದ್ದರೆ ‘ಷರಾ’ ಕಾಲಂನಲ್ಲಿ ಕೆಂಪು ಗೆರೆ. ಮಾಸ್ಕಲಿನ್ನನ ಹೆಸರು ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಆದರೆ ನಾವು ನಡೆಸುತ್ತಿದ್ದುದು ಅವನ ಪದ್ಧತಿಯನ್ನೇ.

ಈ ಪದ್ಧತಿಯ ತುತ್ತತುದಿ ಕಂಡದ್ದು ನ್ಯೂಯಾರ್ಕಿನಲ್ಲಿ, 1938ರಲ್ಲಿ. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಸರ್ಕಾರ ಹುಟ್ಟಿಸಿದ ಕೆಲಸಗಳಲ್ಲಿ ಗಣಿತ ಕೋಷ್ಟಕ ಯೋಜನೆಯೂ ಒಂದು. ಆರ್ನಲ್ಡ್ ಲೋವನ್ ಮುಖ್ಯಸ್ಥ, ಗಣಿತದ ಹೊಣೆ ಗೆರ್ಟ್ರೂಡ್ ಬ್ಲಾಂಚ್ ಎಂಬ ಹೆಂಗಸಿನದು. ಜೋರಾಗಿ ನಡೆದಾಗ 450 ಮಂದಿ ಕಂಪ್ಯೂಟರುಗಳು. ಬಹಳ ಜನಕ್ಕೆ ಋಣ ಸಂಖ್ಯೆ ಎಂದರೇನು ಎಂದೇ ತಿಳಿಯದು. ಬ್ಲಾಂಚ್ ತಿಳಿಸಲು ಹೋಗಲಿಲ್ಲ. ಧನ ಸಂಖ್ಯೆಯನ್ನು ಕಪ್ಪು ಪೆನ್ಸಿಲಿನಲ್ಲಿ, ಋಣ ಸಂಖ್ಯೆಯನ್ನು ಕೆಂಪಿನಲ್ಲಿ ಬರೆಯಿರಿ ಎಂದಳು. ಕಪ್ಪಿಗೆ ಕಪ್ಪು ಸೇರಿದರೆ ಕಪ್ಪು, ಕೆಂಪಿಗೆ ಕೆಂಪು ಸೇರಿದರೆ ಕೆಂಪು, ಎರಡೂ ಬೆರೆತರೆ ನೀವು ಮುಟ್ಟಬೇಡಿ, ಹಾಳೆಯನ್ನು ಪಕ್ಕದ ಗುಂಪಿಗೆ ದಾಟಿಸಿ ಎಂಬ ಅರ್ಥದ ಸೂಚನೆಯನ್ನು ಗೋಡೆಗೆ ಅಂಟಿಸಿದ್ದರು. ಕೂಡುವ ಗುಂಪು ಬೇರೆ, ಕಳೆಯುವ ಗುಂಪು ಬೇರೆ, ಗುಣಿಸುವವರು ಬೇರೆ. ಗೋಡೆಯ ಮೇಲಿನ ಆ ಕಾಗದವನ್ನು ನಾನು ಪ್ರೋಗ್ರಾಮ್ ಎಂದೇ ಕರೆಯುತ್ತೇನೆ. ಓಡಿಸುವ ಯಂತ್ರವಿನ್ನೂ ಬಂದಿರಲಿಲ್ಲ, ಅಷ್ಟೇ. ಇವರು ಮಾಡಿದ ಕೋಷ್ಟಕಗಳು ತಪ್ಪಿಲ್ಲದ್ದಕ್ಕೆ ಹೆಸರಾದವು.

ಯುದ್ಧ ಬಂತು. ಫಿರಂಗಿಯನ್ನು ಯಾವ ಕೋನಕ್ಕೆ ಎತ್ತಿದರೆ ಗುಂಡು ಎಲ್ಲಿ ಬೀಳುತ್ತದೆ ಎಂಬ ಕೋಷ್ಟಕಕ್ಕಾಗಿ ಫಿಲಡೆಲ್ಫಿಯದಲ್ಲಿ ಹೆಣ್ಣುಮಕ್ಕಳನ್ನು ಕಂಪ್ಯೂಟರುಗಳಾಗಿ ಸೇರಿಸಿಕೊಂಡರು. ಮೇಜಿನ ಯಂತ್ರದಲ್ಲಿ ಒಂದು ಗುಂಡಿನ ಹಾದಿಗೆ ಮೂವತ್ತು ನಲವತ್ತು ತಾಸು ಹಿಡಿಯುತ್ತಿತ್ತು. ಅದಕ್ಕೇ ಅಲ್ಲಿ ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಯಂತ್ರ ಕಟ್ಟಿದರು. ಸುಮಾರು ಹದಿನೆಂಟು ಸಾವಿರ ವಾಲ್ವುಗಳು, ಮೂವತ್ತು ಟನ್ ತೂಕ. ಆ ಯಂತ್ರಕ್ಕೆ ಲೆಕ್ಕ ಹೇಳಿಕೊಡಲು ಕಂಪ್ಯೂಟರುಗಳಲ್ಲೇ ಆರು ಮಂದಿಯನ್ನು ಆರಿಸಿದರು: ಕೇ ಮ್ಯಾಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. 1946ರ ಫೆಬ್ರುವರಿಯಲ್ಲಿ ಅದನ್ನು ಜಗತ್ತಿಗೆ ತೋರಿಸಿದಾಗ, ಗುಂಡು ಹಾರಿ ನೆಲಕ್ಕೆ ಬೀಳುವ ಮೊದಲೇ ಅದರ ಹಾದಿಯ ಲೆಕ್ಕವನ್ನು ಯಂತ್ರ ಮುಗಿಸಿತು. ಆ ಲೆಕ್ಕ ಹೊಂದಿಸಿದ್ದವರು ಜೆನಿಂಗ್ಸ್ ಮತ್ತು ಸ್ನೈಡರ್. ಆ ರಾತ್ರಿಯ ಔತಣಕ್ಕೆ ಇಬ್ಬರಿಗೂ ಕರೆ ಬರಲಿಲ್ಲ.

ಹೆಸರು ಕೈ ಬದಲಾದದ್ದೂ ಈ ಹೊತ್ತಿನಲ್ಲೇ. 1945ರಲ್ಲಿ ಬೆಲ್ ಲ್ಯಾಬೊರೇಟರಿಯ ಗಣಿತಜ್ಞ ಜಾರ್ಜ್ ಸ್ಟಿಬಿಟ್ಸ್ ಒಂದು ವರದಿಯಲ್ಲಿ, ಗೊಂದಲ ಬೇಡ, ಇನ್ನು ಮೇಲೆ ಕಂಪ್ಯೂಟರ್ ಎಂದರೆ ಯಂತ್ರ, ಆ ಹೆಸರಿದ್ದ ಮನುಷ್ಯರನ್ನು ಆಪರೇಟರ್ ಎನ್ನೋಣ ಎಂಬ ಸಲಹೆ ಕೊಟ್ಟ. ಸಲಹೆ ನಿಂತಿತು. ಆದರೆ ಒಂದೇ ದಿನದಲ್ಲಿ ಅಲ್ಲ. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದರ ಸ್ಥಾಪಕ ಮಹಲನೋಬಿಸ್ ಸಾಲುಸಾಲು ಮನುಷ್ಯ ಕಂಪ್ಯೂಟರುಗಳನ್ನು ಕೂರಿಸಿ ದೇಶದ ಮಾದರಿ ಸಮೀಕ್ಷೆಗಳ ಲೆಕ್ಕ ಮಾಡಿಸುತ್ತಿದ್ದರು. 1956ರ ಹೊತ್ತಿಗೆ ಅದೇ ಸಂಸ್ಥೆಯಲ್ಲಿ ಇಂಗ್ಲೆಂಡಿನಿಂದ ತರಿಸಿದ ಎಲೆಕ್ಟ್ರಾನಿಕ್ ಕಂಪ್ಯೂಟರೂ ಕೆಲಸ ಶುರುಮಾಡಿತು. ಎರಡು ಬಗೆಯ ಕಂಪ್ಯೂಟರುಗಳೂ ಬಹಳ ವರ್ಷ ಒಟ್ಟಿಗೇ ದುಡಿದವು. 1960ರ ದಶಕದಲ್ಲಿ ಅದೇ ಊರಿನ ಎಲ್‌ಐಸಿ ನೌಕರರು ಯಂತ್ರ ಒಳಗೆ ಬರದಂತೆ ಕಚೇರಿಗೆ ಕಾವಲು ಕೂತರು.

ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿ 1980ರ ಜೂನಿನಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದಾಗ ಪತ್ರಿಕೆಗಳು ‘ಮಾನವ ಕಂಪ್ಯೂಟರ್’ ಎಂದು ಕೊಂಡಾಡಿದವು. ನಮ್ಮ ಸೆಕ್ಷನ್ನಿನಲ್ಲಿ ಅದನ್ನೋದಿ ಒಂದು ನಗೆಯೆದ್ದಿತು. “ಮತ್ತೆ ನಾವ್ಯಾರ್ರೀ?” ಎಂದರು ಅಕ್ಕ. ಶಕುಂತಲಾ ದೇವಿಯದು ದೈವದತ್ತ ಪ್ರತಿಭೆ, ಅದಕ್ಕೂ ಈ ವೃತ್ತಿಗೂ ಸಂಬಂಧವೇ ಇಲ್ಲ ಎಂದು ನನ್ನ ಅಭಿಪ್ರಾಯ. ಕಂಪ್ಯೂಟರ್ ಆಗಲು ಬೇಕಾದದ್ದು ಮಿಂಚಿನ ಬುದ್ಧಿಯಲ್ಲ. ಮಧ್ಯಾಹ್ನ ಊಟದ ನಂತರವೂ ಏಳು ಎಂಟಾಗದಂತೆ ಬರೆಯುವ ಕೈ, ಪಕ್ಕದವರ ಉತ್ತರ ಇಣುಕಿ ನೋಡದ ನಿಯತ್ತು.

ನಮ್ಮ ಕಚೇರಿಗೆ ಯಂತ್ರ ಬಂದಾಗ ಯಾರೂ ಕಾವಲು ಕೂರಲಿಲ್ಲ. ಹವಾನಿಯಂತ್ರಿತ ಕೋಣೆ ಅದಕ್ಕೆ, ಫ್ಯಾನು ನಮಗೆ. ಕಿರಿಯರು ತರಬೇತಿಗೆ ಹೋಗಿ ಡೇಟಾ ಎಂಟ್ರಿ ಆಪರೇಟರುಗಳಾಗಿ ಮರಳಿದರು, ಹಿರಿಯರಿಗೆ ಅಸಿಸ್ಟೆಂಟ್ ಎಂಬ ಹೆಸರು ಸಿಕ್ಕಿತು, ಅಕ್ಕ ಅದೇ ವರ್ಷ ನಿವೃತ್ತರಾದರು. ಉಪಯೋಗಕ್ಕೆ ಬಾರದ ಸಾಮಾನು ಎಂದು ಫೆಸಿಟ್‌ಗಳನ್ನು ಹರಾಜಿಗೆ ಹಾಕಿದರು. ಯಂತ್ರವೆಂದು ಯಾರೂ ಕೊಳ್ಳಲಿಲ್ಲ, ಹಳೇ ಕಬ್ಬಿಣದವನು ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡ. ಒಂದೊಂದರ ತೂಕವನ್ನೂ ಬರೆದು, ದರದಿಂದ ಗುಣಿಸಿ, ಒಟ್ಟು ಮೊತ್ತ ತೆಗೆದು, ಇಬ್ಬರು ತಾಳೆ ನೋಡಿ ಸಹಿ ಹಾಕಿ ಅಕೌಂಟ್ಸ್ ಸೆಕ್ಷನ್ನಿಗೆ ಕಳಿಸಿದೆವು. ಅವರು ಒಂದು ಪೈಸೆ ವ್ಯತ್ಯಾಸ ಇದೆ ಎಂದು ವಾಪಸು ಕಳಿಸಿದರು. ಮತ್ತೆ ಕೂಡಿ ನೋಡಿದೆವು. ನಮ್ಮದೇ ಸರಿ ಇತ್ತು.